ನಾರ್ಮಲ್ ಟೆಂಪ್ಲೇಟಿಗೆ ಕೈ ಹಾಕುತ್ತಿದ್ದವರು ಯಾರು?

ಯಂತ್ರ ವಿಂಡೋಸ್ 10ರದು, ಅದರಲ್ಲಿರುವುದು ವರ್ಡ್ 2016. ಜಾಗ, ತಾಲ್ಲೂಕು ಕೇಂದ್ರವೊಂದರ ಉಪನೋಂದಣಿ ಕಚೇರಿಯ ಎದುರಿನ ಡಿಟಿಪಿ ಅಂಗಡಿ. ದೂರು ಇಷ್ಟು: ವರ್ಡ್ ಮುಚ್ಚಿದಾಗಲೆಲ್ಲ ಪರದೆಯ ನಡುವೆ ಒಂದು ಪೆಟ್ಟಿಗೆ ಬಂದು, ಹೊಸ ಪುಟಗಳಿಗೆಲ್ಲ ಅಚ್ಚಾಗುವ ಗ್ಲೋಬಲ್ ಟೆಂಪ್ಲೇಟ್, ಅಂದರೆ ನಾರ್ಮಲ್ ಎಂಬ ಕಡತದ ಮೇಲೆ ಪರಿಣಾಮ ಬೀರುವ ಬದಲಾವಣೆಗಳಾಗಿವೆ, ಉಳಿಸಬೇಕೆ ಎಂದು ಕೇಳುತ್ತದೆ. ಇಡೀ ದಿನ ಟೈಪ್ ಮಾಡಿ ಮುಚ್ಚಿದರೂ ಕೇಳುತ್ತದೆ, ತೆರೆದು ಒಂದು ಅಕ್ಷರವನ್ನೂ ಒತ್ತದೆ ಮುಚ್ಚಿದರೂ ಕೇಳುತ್ತದೆ. ಟೈಪಿಸ್ಟ್ ಒಂದು ದಿನ ‘ಸೇವ್’ ಒತ್ತುತ್ತಾರೆ, ಇನ್ನೊಂದು ದಿನ ಬೇಡ ಎನ್ನುತ್ತಾರೆ. ಏನು ಒತ್ತಿದರೂ ಮರುದಿನ ಪ್ರಶ್ನೆ ಹಾಜರು.

ಇದಕ್ಕೆ ಎರಡು ನಿಮಿಷದ ಮದ್ದುಗಳು ಎರಡಿವೆ. ಮೊದಲನೆಯದು ಫೈಲ್, ಆಪ್ಷನ್ಸ್, ಅಡ್ವಾನ್ಸ್ಡ್ ಎಂದು ಹೋಗಿ, ಕೆಳಗೆ ಸೇವ್ ವಿಭಾಗದಲ್ಲಿರುವ ‘ಪ್ರಾಂಪ್ಟ್ ಬಿಫೋರ್ ಸೇವಿಂಗ್ ನಾರ್ಮಲ್ ಟೆಂಪ್ಲೇಟ್’ ಎಂಬ ಸಾಲಿನ ಮುಂದಿನ ಗುರುತನ್ನು ತೆಗೆಯುವುದು. ಎರಡನೆಯದು ನಾರ್ಮಲ್ ಕಡತವನ್ನೇ ಅಳಿಸುವುದು. ವರ್ಡ್ ಮುಂದಿನ ಸಲ ತೆರೆದಾಗ ಹೊಸದೊಂದನ್ನು ತಾನೇ ಹುಟ್ಟಿಸಿಕೊಳ್ಳುತ್ತದೆ. ಅಂಗಡಿಯ ಯಜಮಾನರು ‘ಯಾವುದಾದರೂ ಒಂದು ಮಾಡಿ ಸಾರ್, ಗಿರಾಕಿ ಕಾಯುತ್ತಿದ್ದಾರೆ’ ಎಂದರು. ನಾನು ಎರಡನ್ನೂ ಮಾಡಲಿಲ್ಲ.

ಅಳಿಸದಿರಲು ಕಾರಣ, ಆ ಕಡತದಲ್ಲಿ ಅಂಗಡಿಯ ಅರ್ಧ ದುಡಿಮೆ ಇದೆ. ಕ್ರಯಪತ್ರ, ಭೋಗ್ಯಪತ್ರ, ಬಾಡಿಗೆ ಕರಾರು, ಅಫಿಡವಿಟ್ಟುಗಳ ಆರಂಭದ ಒಕ್ಕಣೆ, ಚಕ್ಕುಬಂದಿಯ ನಾಲ್ಕು ಸಾಲು, ಸಾಕ್ಷಿಗಳ ಸಹಿಯ ಜಾಗ, ಇವೆಲ್ಲವನ್ನೂ ಟೈಪಿಸ್ಟ್ ವರ್ಷಗಳಿಂದ ಆಟೋಟೆಕ್ಸ್ಟ್ ಆಗಿ ಕೂಡಿಸಿಟ್ಟಿದ್ದಾರೆ. ಚಿಕ್ಕ ಹೆಸರು ಹೊಡೆದು ಎಫ್3 ಒತ್ತಿದರೆ ಪೂರ್ತಿ ಪ್ಯಾರಾ ಬಂದು ಬೀಳುತ್ತದೆ. ಬೇರೆ ಕಡೆ ಇಡು ಎಂದು ಹೇಳದಿದ್ದರೆ ಆಟೋಟೆಕ್ಸ್ಟ್ ಉಳಿಯುವುದು ನಾರ್ಮಲ್ ಟೆಂಪ್ಲೇಟಿನಲ್ಲಿಯೇ. ಹೊಸ ಪುಟ ತೆರೆದ ಕೂಡಲೇ ಲೀಗಲ್ ಅಳತೆಯ ಕಾಗದ, ಅಳೆದು ಬಿಟ್ಟ ಅಂಚು, ನುಡಿ ಫಾಂಟು ಸಿದ್ಧವಾಗಿ ಬರುತ್ತವಲ್ಲ, ಆ ಏರ್ಪಾಡೂ ಅಲ್ಲಿಯೇ ಇದೆ.

ಕನ್ನಡದ ಅಂಗಡಿಗಳಲ್ಲಿ ಎದುರಾಗುವ ಇನ್ನೊಂದು ಎಳೆಯೂ ಇದೆ. ಟೈಪ್ ಮಾಡುವಾಗಲೇ ಪದ ತಿದ್ದುವ ಆಟೋಕರೆಕ್ಟ್‌ನಲ್ಲಿ ಸೇರಿಸುವ ಸಾದಾ ಪದಗಳನ್ನು ವರ್ಡ್ ಬೇರೆ ಕಡತದಲ್ಲಿ ಇಡುತ್ತದೆ, ನಾರ್ಮಲ್‌ಗೂ ಅದಕ್ಕೂ ಸಂಬಂಧವಿಲ್ಲ. ಆದರೆ ಯೂನಿಕೋಡ್ ಅಲ್ಲದ ಹಳೆಯ ನುಡಿ ಫಾಂಟಿನಲ್ಲಿ ಬರೆದದ್ದು ಒಳಗೆ ಲ್ಯಾಟಿನ್ ಸಂಕೇತಗಳ ಸಾಲು. ಫಾಂಟು ಕಳಚಿದರೆ ‘ಮಾರಾಟಗಾರರು’ ಎಂಬ ಪದ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತದೆ. ಹಾಗಾಗಿ ಅಂಥ ಪದವನ್ನು ಸೇರಿಸುವಾಗ ‘ಫಾರ್ಮ್ಯಾಟೆಡ್ ಟೆಕ್ಸ್ಟ್’ ಎಂಬುದನ್ನು ಆರಿಸಲೇಬೇಕು, ಹಾಗೆ ಆರಿಸಿದ್ದು ನಾರ್ಮಲ್‌ಗೆ ಹೋಗಿ ಸೇರುತ್ತದೆ. ಇಂಗ್ಲಿಷ್ ಟೈಪಿಸ್ಟ್ ನಾರ್ಮಲ್ ಅಳಿಸಿದರೆ ಕಳೆದುಕೊಳ್ಳುವುದಕ್ಕಿಂತ ನುಡಿಯಲ್ಲಿ ದುಡಿಯುವವರು ಕಳೆದುಕೊಳ್ಳುವುದು ಬಹಳ ಹೆಚ್ಚು. ಅಳಿಸಿ ನೋಡಿ ಎಂದು ಸಲೀಸಾಗಿ ಹೇಳುವವರು ಇದನ್ನು ಯೋಚಿಸಿರುವುದಿಲ್ಲ.

ಇನ್ನು ಗುರುತು ತೆಗೆಯುವ ವಿಚಾರ. ಆ ಸಾಲಿನ ಮುಂದೆ ವರ್ಡ್ ತಾನಾಗಿ ಗುರುತು ಹಾಕಿಕೊಂಡು ಬರುವುದಿಲ್ಲ. ವಿಚಾರಿಸಿದಾಗ, ಹಿಂದೊಮ್ಮೆ ಗಿರಾಕಿಯ ಪೆನ್‌ಡ್ರೈವಿನಿಂದ ಮ್ಯಾಕ್ರೋ, ಅಂದರೆ ವರ್ಡ್ ಒಳಗೇ ಓಡುವ ಪುಟ್ಟ ಪ್ರೋಗ್ರಾಂ, ಅದರ ರೂಪದ ವೈರಸ್ ಬಂದಾಗ ಯಾರೋ ಮೆಕ್ಯಾನಿಕ್ ಹಾಕಿಹೋದದ್ದು ಎಂದು ತಿಳಿಯಿತು. ಆತ ತಿಳಿದವನೇ. ನಾರ್ಮಲ್ ಎಂಬುದು ಊರ ಬಾವಿಯ ಹಾಗೆ, ಯಾರು ಬೇಕಾದರೂ ಬಂದು ಕೊಡ ಇಳಿಸಬಹುದು. 1995ರ ಕಾನ್ಸೆಪ್ಟ್ ವೈರಸ್ ಹರಡಿದ್ದು ಈ ಕಡತಕ್ಕೆ ತನ್ನ ಮ್ಯಾಕ್ರೋಗಳನ್ನು ಅಂಟಿಸಿಕೊಂಡೇ. 1999ರ ಮಾರ್ಚಿನಲ್ಲಿ ಇಮೇಲ್ ಸರ್ವರುಗಳನ್ನು ಉಸಿರುಗಟ್ಟಿಸಿದ ಮೆಲಿಸ್ಸಾ ಇನ್ನೂ ಜಾಣ. ವರ್ಡ್ 97 ಸಿಕ್ಕಲ್ಲಿ ಅದು ಮ್ಯಾಕ್ರೋ ಎಚ್ಚರಿಕೆಯ ಜೊತೆಗೆ ಇದೇ ಪ್ರಶ್ನೆಯ ಗುರುತನ್ನೂ ತೆಗೆದುಹಾಕಿ, ಆಮೇಲೆ ನಾರ್ಮಲ್‌ಗೆ ಕೈ ಹಾಕುತ್ತಿತ್ತು. ವೈರಸ್ ಬರೆದವನು ಮೊದಲು ಬಾಯಿ ಮುಚ್ಚಿಸಿದ ಪ್ರಶ್ನೆಯನ್ನು ನಾನೇ ಕೈಯಾರೆ ಮುಚ್ಚಿಸುವುದು ಸರಿಯೆನಿಸಲಿಲ್ಲ. ಕೇಳುವ ಪೆಟ್ಟಿಗೆಯ ತಪ್ಪಿಲ್ಲ, ಯಾರೋ ನಿಜವಾಗಿಯೂ ಬರೆಯುತ್ತಿದ್ದಾರೆ. ಅವರನ್ನು ಹಿಡಿಯಬೇಕು.

ಕೆಲಸ ಶುರು. ಮೊದಲು ನಕಲು. ಬಳಕೆದಾರರ ಫೋಲ್ಡರಿನಲ್ಲಿ ಆಪ್‌ಡೇಟಾ, ಅದರೊಳಗೆ ರೋಮಿಂಗ್, ಮೈಕ್ರೋಸಾಫ್ಟ್, ಟೆಂಪ್ಲೇಟ್ಸ್. ಆಪ್‌ಡೇಟಾ ಮರೆಯಲ್ಲಿರುವ ಫೋಲ್ಡರ್, ಎಕ್ಸ್‌ಪ್ಲೋರರಿನ ವ್ಯೂ ಪಟ್ಟಿಯಲ್ಲಿ ಹಿಡನ್ ಐಟಮ್ಸ್‌ಗೆ ಗುರುತು ಹಾಕಿದರೆ ಕಾಣುತ್ತದೆ. ನಾರ್ಮಲ್ ಹೆಸರಿನ ಬಾಲ 2003ರ ವರ್ಡ್‌ವರೆಗೆ ಡಿ-ಓ-ಟಿ, 2007ರಿಂದ ಈಚೆಗೆ ಡಿ-ಓ-ಟಿ-ಎಂ. ವರ್ಡ್ ಮುಚ್ಚಿ, ಇದನ್ನು ಬೇರೆ ಡ್ರೈವಿಗೆ ನಕಲು ಮಾಡಿಕೊಂಡೆ. ಟಾಸ್ಕ್ ಮ್ಯಾನೇಜರಿನಲ್ಲಿ ಮರೆಯಲ್ಲಿ ಇನ್ನೊಂದು ವರ್ಡ್ ಉಳಿದುಕೊಂಡಿದೆಯೇ ಎಂದೂ ನೋಡಿದೆ, ಏಕೆಂದರೆ ಎರಡು ವರ್ಡ್‌ಗಳು ಒಂದೇ ನಾರ್ಮಲ್ ಹಿಡಿದುಕೊಂಡರೂ ಮುಚ್ಚುವಾಗ ರಗಳೆ ಬರುತ್ತದೆ. ಇಲ್ಲಿ ಹಾಗಿರಲಿಲ್ಲ.

ಕಂಟ್ರೋಲ್ ಕೀಲಿ ಒತ್ತಿ ಹಿಡಿದು ಸೇಫ್ ಮೋಡಿನಲ್ಲಿ ತೆರೆದರೆ ಪ್ರಶ್ನೆ ಬರಲಿಲ್ಲ. ಇದರಿಂದ ಹೆಚ್ಚೇನೂ ತಿಳಿಯುವುದಿಲ್ಲ. ಸೇಫ್ ಮೋಡಿನಲ್ಲಿ ವರ್ಡ್ ಟೆಂಪ್ಲೇಟುಗಳನ್ನು ಉಳಿಸುವುದೇ ಇಲ್ಲ, ಹೊರಗಿನಿಂದ ಜೋಡಿಸಿದ ಸಲಕರಣೆಗಳಾದ ಆಡ್-ಇನ್‌ಗಳನ್ನೂ ಹತ್ತಿರ ಸೇರಿಸುವುದಿಲ್ಲ. ಹೀಗಾಗಿ ರೋಗ ಎಲ್ಲಿದ್ದರೂ ಅಲ್ಲಿ ಮೌನವೇ. ಬಹಳ ಮಂದಿ ಈ ಪರೀಕ್ಷೆಯನ್ನೇ ನೆಚ್ಚಿಕೊಂಡು, ಆಡ್-ಇನ್ ದೋಷ ಎಂದು ತೀರ್ಪು ಕೊಟ್ಟುಬಿಡುತ್ತಾರೆ.

ಉಪಯೋಗಕ್ಕೆ ಬಂದ ಉಪಾಯ ಬೇರೆ. ಪ್ರಶ್ನೆ ಬರುವುದು ಮುಚ್ಚುವಾಗ, ಆದರೆ ಬರವಣಿಗೆ ನಡೆದಿರುವುದು ಅದಕ್ಕೂ ಮುಂಚೆ ಯಾವಾಗಲೋ. ಆ ಹೊತ್ತನ್ನು ಕಂಡುಹಿಡಿಯಲು ವರ್ಡ್ ಅನ್ನೇ ಕೇಳಬಹುದು. ಆಲ್ಟ್ ಜೊತೆ ಎಫ್11 ಒತ್ತಿದರೆ ಮ್ಯಾಕ್ರೋ ಬರೆಯುವ ಜಾಗವಾದ ವಿಬಿಎ ಸಂಪಾದಕ ತೆರೆಯುತ್ತದೆ, ಕಂಟ್ರೋಲ್ ಜೊತೆ ಜಿ ಒತ್ತಿದರೆ ಕೆಳಗೆ ಇಮ್ಮೀಡಿಯೆಟ್ ಕಿಟಕಿ ಬರುತ್ತದೆ. ಅಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ, ‘ನಾರ್ಮಲ್‌ಟೆಂಪ್ಲೇಟ್’ ಎಂದು ಇಂಗ್ಲಿಷಿನಲ್ಲಿ ಕೂಡಿಸಿ ಬರೆದು, ಚುಕ್ಕೆ ಇಟ್ಟು, ‘ಸೇವ್ಡ್’ ಎಂದು ಹೊಡೆದು ಎಂಟರ್ ಒತ್ತಿ. ‘ಟ್ರೂ’ ಎಂದರೆ ನಾರ್ಮಲ್ ಅನ್ನು ಯಾರೂ ಮುಟ್ಟಿಲ್ಲ, ‘ಫಾಲ್ಸ್’ ಎಂದರೆ ಉಳಿಸದ ಬದಲಾವಣೆ ಇದೆ. ಮುಚ್ಚಿ ತೆರೆದು ಪೆಟ್ಟಿಗೆಗಾಗಿ ಕಾಯುವ ಕೆಲಸವೇ ಬೇಡ, ಪ್ರತಿ ಹೆಜ್ಜೆಯ ನಂತರವೂ ಕೇಳಿ ನೋಡಬಹುದು.

ವರ್ಡ್ ತೆರೆದು, ಏನನ್ನೂ ಮುಟ್ಟದೆ ಕೇಳಿದೆ. ‘ಫಾಲ್ಸ್’. ಅಂದರೆ ಪ್ರಿಂಟರ್, ಫಾಂಟು, ಗಿರಾಕಿಯ ಕಡತ, ಟೈಪಿಸ್ಟ್ ಬೆರಳು ಎಲ್ಲವೂ ಒಂದೇ ಏಟಿಗೆ ಸಂಶಯದಿಂದ ಹೊರಗೆ. ತೆರೆದುಕೊಳ್ಳುವ ಹೊತ್ತಿಗೇ ಕೆಲಸ ಆಗಿಹೋಗಿದೆ.

ಏನು ಬರೆಯಲಾಗಿದೆ ಎಂಬುದನ್ನೂ ನೋಡಬೇಕೆನಿಸಿತು. 2007ರಿಂದ ಈಚಿನ ಬಗೆಯ ವರ್ಡ್ ಕಡತಗಳೆಲ್ಲ ಒಳಗೆ ಜಿಪ್ ಕಟ್ಟುಗಳು. ನಕಲಿನ ಬಾಲವನ್ನು ಜಿಪ್ ಎಂದು ಬದಲಿಸಿದರೆ ಬಿಚ್ಚಿಕೊಳ್ಳುತ್ತದೆ. ವರ್ಡ್ ತೆರೆದು ಮುಚ್ಚಿ, ಪ್ರಶ್ನೆಗೆ ‘ಸೇವ್’ ಎಂದು ಉತ್ತರಿಸಿ, ಆಮೇಲಿನ ನಾರ್ಮಲ್‌ನ ಇನ್ನೊಂದು ನಕಲು ತೆಗೆದು, ಎರಡನ್ನೂ ಬಿಚ್ಚಿ ಅಕ್ಕಪಕ್ಕದಲ್ಲಿ ಇಟ್ಟೆ. ಗ್ಲಾಸರಿ ಎಂಬ ಫೋಲ್ಡರಿನಲ್ಲಿ ಆಟೋಟೆಕ್ಸ್ಟ್‌ಗಳು, ಎರಡರಲ್ಲೂ ಅವು ಒಂದೇ ತೆರ. ವಿಬಿಎ ಪ್ರಾಜೆಕ್ಟ್ ಎಂಬ ಕಡತ ಎರಡರಲ್ಲೂ ಇಲ್ಲವೇ ಇಲ್ಲ. ಇದು ದೊಡ್ಡ ಸಮಾಧಾನ: ನಾರ್ಮಲ್ ಒಳಗೆ ಮ್ಯಾಕ್ರೋ ಇಲ್ಲ ಎಂದಾಯಿತು, ವೈರಸ್ ಅಲ್ಲಿ ಗೂಡು ಕಟ್ಟಿಲ್ಲ. ಗಾತ್ರ ಬೆಳೆದಿದ್ದದ್ದು ಒಂದೇ ಕಡೆ, ‘ಅಟ್ಯಾಚ್ಡ್ ಟೂಲ್‌ಬಾರ್ಸ್’ ಎಂಬ ಹೆಸರಿನ ಕಡತದಲ್ಲಿ. ಹಳೆಯ ಕಾಲದ ಟೂಲ್‌ಬಾರುಗಳು, ಗುಂಡಿಗಳು ಉಳಿಯುವ ಜಾಗ ಅದು. ಯಾರೋ ಪ್ರತಿ ಸಲ ಒಂದು ಗುಂಡಿ ಹೊಲಿದು ಹೋಗುತ್ತಿದ್ದಾರೆ.

ವರ್ಡ್‌ನ ಮೇಲಿನ ಪಟ್ಟಿಯಲ್ಲಿ ಆಡ್-ಇನ್ಸ್ ಎಂಬ ಟ್ಯಾಬ್ ಇತ್ತು, ಯಾರೂ ಅದನ್ನು ತೆರೆಯುತ್ತಿರಲಿಲ್ಲ. ತೆರೆದರೆ ‘ಟೂಲ್‌ಬಾರ್ ಕಮಾಂಡ್ಸ್’ ಎಂಬ ಗುಂಪಿನಲ್ಲಿ ಒಂದೇ ಗುಂಡಿ, ಅದೇ ಚಿತ್ರ, ಅದೇ ಹೆಸರು, ಮತ್ತೆ ಮತ್ತೆ ಸಾಲಾಗಿ ಕೂತಿದೆ. ‘ಸೇವ್’ ಒತ್ತಿದ ದಿನ ಒಂದು ಸೇರಿದೆ, ಬೇಡ ಎಂದ ದಿನ ಸೇರಿಲ್ಲ. ಟೈಪಿಸ್ಟ್ ನೋಡಿ, ‘ಇಷ್ಟು ದಿನ ನಾನು ಒತ್ತಿದ್ದಕ್ಕೆಲ್ಲ ಇಲ್ಲಿ ಲೆಕ್ಕ ಇದೆಯಲ್ಲ ಸಾರ್’ ಎಂದು ನಕ್ಕರು.

ಗುಂಡಿಯ ಹೆಸರಿನಿಂದಲೇ ಯಾರದೆಂದು ಊಹೆ ಹುಟ್ಟಿತು, ಆದರೂ ಊಹೆಯ ಮೇಲೆ ಏನನ್ನೂ ಕೀಳಬಾರದು. ಈ ಕಾಯಿಲೆಯ ವಿಷಯ ಎತ್ತಿದರೆ ಎಲ್ಲರೂ ಮೊದಲು ಬೆರಳು ತೋರಿಸುವುದು ಪಿಡಿಎಫ್ ತಯಾರಿಸುವ ಆಡ್-ಇನ್ ಕಡೆಗೆ, ಆಮೇಲೆ ಬ್ಲೂಟೂತ್ ಮೂಲಕ ಕಳುಹಿಸುವ ಆಡ್-ಇನ್ ಕಡೆಗೆ. ಎರಡಕ್ಕೂ ಹಿಂದಿನಿಂದ ಆ ಹೆಸರಿದೆ, ಸುಳ್ಳಲ್ಲ. ಈ ಯಂತ್ರದಲ್ಲೂ ಎರಡೂ ಇದ್ದವು. ಆಪ್ಷನ್ಸ್‌ನಲ್ಲಿ ಆಡ್-ಇನ್ಸ್ ತೆರೆದು, ಕೆಳಗೆ ಮ್ಯಾನೇಜ್ ಎಂಬಲ್ಲಿ ಕಾಮ್ ಆಡ್-ಇನ್ಸ್ ಆರಿಸಿ, ಎಲ್ಲದರ ಗುರುತು ತೆಗೆದೆ. ಒಂದು ಮಾತ್ರ ಮೊಂಡು ಹಿಡಿಯಿತು. ಇಡೀ ಯಂತ್ರಕ್ಕೆಂದು ನೋಂದಾಯಿಸಿದ ಆಡ್-ಇನ್ ಅನ್ನು ಬದಲಿಸಲಾಗದು ಎಂಬ ಸಂದೇಶ ಬಂತು. ಅಂಥದ್ದಕ್ಕೆ ವರ್ಡ್‌ನ ಚಿತ್ರದ ಮೇಲೆ ಬಲ ಕ್ಲಿಕ್ ಮಾಡಿ ಅಡ್ಮಿನಿಸ್ಟ್ರೇಟರ್ ಆಗಿ ತೆರೆಯಬೇಕು, ಆಗ ಗುರುತು ತೆಗೆಯಲು ಬಿಡುತ್ತದೆ. ಎಲ್ಲದರ ಗುರುತು ತೆಗೆದು, ಮತ್ತೆ ತೆರೆದು ಕೇಳಿದರೆ ಉತ್ತರ ‘ಫಾಲ್ಸ್’ ಎಂದೇ. ಪಿಡಿಎಫ್‌ನವರೂ ಬ್ಲೂಟೂತ್‌ನವರೂ ಈ ಪ್ರಕರಣದಲ್ಲಿ ನಿರಪರಾಧಿಗಳು. ಗುರುತುಗಳನ್ನು ಹಿಂದಕ್ಕೆ ಹಾಕಿದೆ.

ಉಳಿದದ್ದು ತಾನಾಗಿ ಓಡುವ ಮ್ಯಾಕ್ರೋ. ವರ್ಡ್ ತೆರೆಯುವಾಗ ಆಟೋಎಕ್ಸೆಕ್ ಎಂಬ ಹೆಸರಿನ ಮ್ಯಾಕ್ರೋ ಸಿಕ್ಕರೆ ಯಾರನ್ನೂ ಕೇಳದೆ ಅದನ್ನು ನಡೆಸುತ್ತದೆ. ಅದನ್ನು ತಡೆಯಲು ಒಂದು ಸಣ್ಣ ಸೌಕರ್ಯ ಉಂಟು: ರನ್ ಪೆಟ್ಟಿಗೆಯಲ್ಲಿ ವಿನ್‌ವರ್ಡ್ ಎಂದು ಬರೆದು, ಜಾಗ ಬಿಟ್ಟು, ಓರೆಗೆರೆ ಹಾಕಿ ಎಂ ಅಕ್ಷರ. ಹೀಗೆ ತೆರೆದರೆ ಆಟೋಎಕ್ಸೆಕ್ ಓಡುವುದಿಲ್ಲ, ಮಿಕ್ಕಿದ್ದೆಲ್ಲ ಎಂದಿನಂತೆ. ತೆರೆದು ಕೇಳಿದೆ. ಅಂದು ಮೊದಲ ಬಾರಿಗೆ ‘ಟ್ರೂ’ ಎಂಬ ಪದ ಕಂಡಿತು.

ನಾರ್ಮಲ್ ಒಳಗೆ ಮ್ಯಾಕ್ರೋ ಇಲ್ಲವೆಂದು ಆಗಲೇ ಗೊತ್ತಾಗಿದೆ. ಹಾಗಾದರೆ ಆ ಆಟೋಎಕ್ಸೆಕ್ ಇರಬಹುದಾದ ಜಾಗ ಸ್ಟಾರ್ಟಪ್ ಫೋಲ್ಡರ್. ರೋಮಿಂಗ್, ಮೈಕ್ರೋಸಾಫ್ಟ್, ವರ್ಡ್, ಸ್ಟಾರ್ಟಪ್ ಎಂದು ಹೋದರೆ ಒಂದೇ ಒಂದು ಕಡತ, ಹಳೆಯ ಡಿ-ಓ-ಟಿ ಬಾಲದ್ದು. ಆಸ್ಕಿ ಕನ್ನಡವನ್ನು, ಅಂದರೆ ಹಳೆಯ ನುಡಿಯಂಥ ಫಾಂಟಿನ ಬರಹವನ್ನು, ಯೂನಿಕೋಡಿಗೆ ತಿರುಗಿಸುವ ಸಲಕರಣೆ. ಯಾರು ಬರೆದದ್ದೆಂದು ಇಲ್ಲಿ ಹೇಳುವುದಿಲ್ಲ. ಕೈಯಿಂದ ಕೈಗೆ ಪೆನ್‌ಡ್ರೈವಿನಲ್ಲಿ ಬಂದದ್ದು, ಕೆಲಸವನ್ನೂ ಚೆನ್ನಾಗಿಯೇ ಮಾಡುತ್ತದೆ. ನುಡಿಯಲ್ಲಿ ಟೈಪ್ ಮಾಡಿದ ಅರ್ಜಿಯನ್ನು ಇಮೇಲಿಗೋ ಸರ್ಕಾರಿ ಜಾಲತಾಣಕ್ಕೋ ಹಾಕಬೇಕಾದಾಗ ಅಂಗಡಿಗೆ ಅದೇ ಗತಿ. ಸ್ಟಾರ್ಟಪ್ ಫೋಲ್ಡರ್ ವರ್ಡ್‌ನ ಕಣ್ಣಿಗೆ ನಂಬಿಕಸ್ಥ ಜಾಗ, ಅಲ್ಲಿಟ್ಟ ಟೆಂಪ್ಲೇಟಿನ ಮ್ಯಾಕ್ರೋಗೆ ಹಳದಿ ಪಟ್ಟಿಯ ಎಚ್ಚರಿಕೆಯೂ ಬರುವುದಿಲ್ಲ. ಕಡತವನ್ನು ಹೊರಗಿಟ್ಟು ತೆರೆದೆ, ‘ಟ್ರೂ’. ಒಳಗಿಟ್ಟು ತೆರೆದೆ, ‘ಫಾಲ್ಸ್’. ಇದಕ್ಕಿಂತ ಸಾಕ್ಷಿ ಬೇಕಿರಲಿಲ್ಲ.

ಕಿತ್ತುಹಾಕಿದರೆ ಅಲ್ಲಿಗೆ ಮುಗಿಯುತ್ತಿತ್ತು, ಆದರೆ ಅಂಗಡಿಗೆ ಅದು ಬೇಕು. ವರ್ಡ್ ಒಳಗಿನಿಂದ ಫೈಲ್, ಓಪನ್ ಎಂದು ಆ ಟೆಂಪ್ಲೇಟನ್ನೇ ತೆರೆದೆ. ಎರಡು ಸಲ ಕ್ಲಿಕ್ ಮಾಡಿ ತೆರೆದರೆ ಟೆಂಪ್ಲೇಟ್ ತೆರೆಯುವುದಿಲ್ಲ, ಅದನ್ನು ಆಧರಿಸಿದ ಹೊಸ ಕಡತ ತೆರೆಯುತ್ತದೆ, ಗಮನವಿರಲಿ. ಬರೆದವರು ಪುಣ್ಯಕ್ಕೆ ಕೋಡಿಗೆ ಬೀಗ ಹಾಕಿರಲಿಲ್ಲ. ಆಟೋಎಕ್ಸೆಕ್‌ನಲ್ಲಿ ಇದ್ದದ್ದು ಕೆಲವೇ ಸಾಲು: ಸ್ಟ್ಯಾಂಡರ್ಡ್ ಟೂಲ್‌ಬಾರಿಗೆ ಒಂದು ಗುಂಡಿ ಸೇರಿಸು, ಹೆಸರು ಕೊಡು, ಒತ್ತಿದರೆ ಯಾವ ಮ್ಯಾಕ್ರೋ ಓಡಬೇಕು ಹೇಳು.

ಗುಂಡಿ ಸೇರಿಸುವ ಸಾಲಿನಲ್ಲಿ ‘ಟೆಂಪರರಿ’ ಎಂಬುದಕ್ಕೆ ‘ಟ್ರೂ’ ಎಂದು ಕೊಟ್ಟಿದ್ದರು. ಬರೆದವರ ಉದ್ದೇಶ ಒಳ್ಳೆಯದೇ, ಗುಂಡಿ ತಾತ್ಕಾಲಿಕ, ವರ್ಡ್ ಮುಚ್ಚಿದಾಗ ತಾನೇ ಹೋಗಲಿ ಎಂದು. ಎಕ್ಸೆಲ್‌ನಲ್ಲಿ ಹಾಗೆ ನಡೆಯುತ್ತದೆ. ವರ್ಡ್ ಆ ಮಾತನ್ನು ಕಿವಿಗೇ ಹಾಕಿಕೊಳ್ಳುವುದಿಲ್ಲ. ವರ್ಡ್‌ನಲ್ಲಿ ಟೂಲ್‌ಬಾರಿಗೆ ಮಾಡಿದ ಯಾವುದೇ ಬದಲಾವಣೆ ಒಂದಲ್ಲ ಒಂದು ಟೆಂಪ್ಲೇಟಿಗೋ ಕಡತಕ್ಕೋ ಸೇರಲೇಬೇಕು. ಯಾವುದಕ್ಕೆ ಎಂಬುದನ್ನು ‘ಕಸ್ಟಮೈಸೇಷನ್‌ಕಾಂಟೆಕ್ಸ್ಟ್’ ಎಂಬ ಗುಣ ತೀರ್ಮಾನಿಸುತ್ತದೆ. ಏನೂ ಹೇಳದಿದ್ದರೆ ಅದು ನಾರ್ಮಲ್ ಎಂದೇ ಲೆಕ್ಕ. ಆ ಒಂದು ಸಾಲು ಬರೆಯದೆ ಬಿಟ್ಟದ್ದರಿಂದ, ಬೇರೆಯವರ ಗುಂಡಿ ದಿನವೂ ಈ ಟೈಪಿಸ್ಟ್ ಕಡತದೊಳಗೆ ಹೋಗಿ ಕೂರುತ್ತಿತ್ತು.

ದುರಸ್ತಿಗೆ ಎರಡು ದಾರಿ ಇದ್ದವು. ಆಟೋಎಕ್ಸೆಕ್‌ನ ಮೊದಲ ಸಾಲಿನಲ್ಲಿ ಕಸ್ಟಮೈಸೇಷನ್‌ಕಾಂಟೆಕ್ಸ್ಟ್ ಅನ್ನು ‘ದಿಸ್‌ಡಾಕ್ಯುಮೆಂಟ್’ ಎಂದು, ಅಂದರೆ ಈ ಟೆಂಪ್ಲೇಟೇ ಎಂದು ನಿಗದಿಮಾಡಿ, ಕೊನೆಯ ಸಾಲಿನಲ್ಲಿ ಅದರ ‘ಸೇವ್ಡ್’ ಗುಣಕ್ಕೆ ‘ಟ್ರೂ’ ಕೊಡುವುದು ಒಂದು. ಆ ಕೊನೆಯ ಸಾಲು ಬಿಟ್ಟರೆ ನಾರ್ಮಲ್ ಬದಲು ಈ ಟೆಂಪ್ಲೇಟನ್ನು ಉಳಿಸಬೇಕೇ ಎಂಬ ಹೊಸ ಪ್ರಶ್ನೆ ಶುರುವಾಗಬಹುದು. ಇನ್ನೊಂದು ದಾರಿ, ಗುಂಡಿಯನ್ನು ಒಮ್ಮೆ ಈ ಟೆಂಪ್ಲೇಟಿನೊಳಗೇ ಕಟ್ಟಿ ಉಳಿಸಿ, ದಿನವೂ ಕಟ್ಟುವ ಆಟೋಎಕ್ಸೆಕ್ ಅನ್ನೇ ನಿಲ್ಲಿಸುವುದು. ನನಗೆ ಹಿಡಿಸಿದ್ದು ಎರಡನೆಯದು. ಮೊದಲ ಸಾಲು ಸೇರಿಸಿ, ಮ್ಯಾಕ್ರೋವನ್ನು ಒಮ್ಮೆ ನಡೆಸಿ, ಟೆಂಪ್ಲೇಟ್ ಉಳಿಸಿ, ಆಮೇಲೆ ಆಟೋಎಕ್ಸೆಕ್‌ನ ಒಳಗಿನ ಪ್ರತಿ ಸಾಲಿನ ಮುಂದೆ ಒಂಟಿ ಉದ್ಧರಣ ಚಿಹ್ನೆ ಹಾಕಿ ನಿಷ್ಕ್ರಿಯಗೊಳಿಸಿದೆ. ಅಳಿಸಲಿಲ್ಲ, ಮುಂದೆ ನೋಡುವವರಿಗೆ ಮೊದಲು ಏನಿತ್ತೆಂದು ತಿಳಿಯಲಿ ಎಂದು.

ಕೋಡಿಗೆ ಬೀಗ ಇದ್ದರೆ ಏನು ಮಾಡುವುದು ಎಂದು ಕೇಳಬಹುದು. ವರ್ಡ್ ಮುಚ್ಚುವಾಗ ಓಡುವ ಆಟೋಎಕ್ಸಿಟ್ ಮ್ಯಾಕ್ರೋದಲ್ಲಿ ನಾರ್ಮಲ್‌ನ ‘ಸೇವ್ಡ್’ ಗುಣಕ್ಕೆ ‘ಟ್ರೂ’ ಕೊಟ್ಟುಬಿಡುವ ಚಮತ್ಕಾರವೊಂದು ಬಳಕೆಯಲ್ಲಿದೆ. ಪ್ರಶ್ನೆ ನಿಲ್ಲುತ್ತದೆ, ನಿಜ. ಜೊತೆಗೆ ಆ ದಿನ ಟೈಪಿಸ್ಟ್ ಕಷ್ಟಪಟ್ಟು ಸೇರಿಸಿದ ಆಟೋಟೆಕ್ಸ್ಟ್ ಕೂಡ ಉಳಿಯದೆ ಹೋಗುತ್ತದೆ. ನಾನಾದರೆ ಅದನ್ನು ಯಾರ ಯಂತ್ರಕ್ಕೂ ಹಾಕುವುದಿಲ್ಲ. ಸಲಕರಣೆಯನ್ನು ಸ್ಟಾರ್ಟಪ್‌ನಿಂದ ತೆಗೆದು ಬೇರೆ ಕಡೆ ಇಟ್ಟು, ಬೇಕಾದಾಗ ಮಾತ್ರ ಡೆವಲಪರ್ ಟ್ಯಾಬಿನ ಡಾಕ್ಯುಮೆಂಟ್ ಟೆಂಪ್ಲೇಟ್ ಪೆಟ್ಟಿಗೆಯಿಂದ ಸೇರಿಸಿಕೊಳ್ಳುವುದು ಮೇಲು.

ಇನ್ನು ನಾರ್ಮಲ್‌ನಲ್ಲಿ ಆಗಲೇ ಸೇರಿಹೋಗಿದ್ದ ಗುಂಡಿಗಳ ರಾಶಿ. ಒಂದೊಂದರ ಮೇಲೂ ಬಲ ಕ್ಲಿಕ್ ಮಾಡಿ ‘ಡಿಲೀಟ್ ಕಸ್ಟಮ್ ಕಮಾಂಡ್’ ಎನ್ನಬಹುದು, ಅಷ್ಟು ತಾಳ್ಮೆ ನನಗಿಲ್ಲ. ಸಲಕರಣೆಯ ಟೆಂಪ್ಲೇಟನ್ನು ಸ್ಟಾರ್ಟಪ್‌ನಿಂದ ಹೊರಗಿಟ್ಟು, ಇಮ್ಮೀಡಿಯೆಟ್ ಕಿಟಕಿಯಲ್ಲಿ ಕಸ್ಟಮೈಸೇಷನ್‌ಕಾಂಟೆಕ್ಸ್ಟ್ ಅನ್ನು ನಾರ್ಮಲ್‌ಟೆಂಪ್ಲೇಟ್ ಎಂದು ನಿಗದಿಮಾಡಿ, ಕಮಾಂಡ್‌ಬಾರ್ಸ್ ಪಟ್ಟಿಯ ಸ್ಟ್ಯಾಂಡರ್ಡ್ ಟೂಲ್‌ಬಾರಿಗೆ ‘ರೀಸೆಟ್’ ಹೊಡೆದೆ. ರಾಶಿ ಒಮ್ಮೆಗೇ ಮಾಯ. ಕೊನೆಗೆ ನಾರ್ಮಲ್‌ಟೆಂಪ್ಲೇಟ್, ಚುಕ್ಕೆ, ಸೇವ್. ಆಟೋಟೆಕ್ಸ್ಟ್ ಪಟ್ಟಿ ಇದ್ದಂತೆಯೇ ಇದೆಯೇ ಎಂದು ಟೈಪಿಸ್ಟ್ ಕೈಯಲ್ಲೇ ಪರೀಕ್ಷೆ ಮಾಡಿಸಿದೆ. ಚಕ್ಕುಬಂದಿ ಬಂತು, ಸಾಕ್ಷಿ ಸಾಲು ಬಂತು, ಲೀಗಲ್ ಪುಟವೂ ನುಡಿಯೂ ಸರಿಯಾಗಿದ್ದವು. ದುರಸ್ತಿಯಾದ ಟೆಂಪ್ಲೇಟನ್ನು ಸ್ಟಾರ್ಟಪ್‌ಗೆ ಹಿಂದಿರುಗಿಸಿ ತೆರೆದಾಗ, ಆಡ್-ಇನ್ಸ್ ಟ್ಯಾಬಿನಲ್ಲಿ ಒಂದೇ ಗುಂಡಿ. ಕೇಳಿದರೆ ‘ಟ್ರೂ’. ಮುಚ್ಚಿದರೆ ಪ್ರಶ್ನೆ ಇಲ್ಲ.

ಪರೀಕ್ಷೆಗೆಂದು ಟೈಪಿಸ್ಟ್ ಹೊಸದೊಂದು ಒಕ್ಕಣೆಯನ್ನು ಆಟೋಟೆಕ್ಸ್ಟ್‌ಗೆ ಸೇರಿಸಿ ವರ್ಡ್ ಮುಚ್ಚಿದರು. ಪೆಟ್ಟಿಗೆ ಬಂತು. ಯಜಮಾನರು ‘ಮತ್ತೆ ಬಂತಲ್ಲ’ ಎಂದು ಗಾಬರಿಯಾದರು. ಇದು ನಿಮ್ಮದೇ ಬದಲಾವಣೆ, ಇದಕ್ಕೆ ‘ಸೇವ್’ ಒತ್ತಬೇಕು. ಏನೂ ಸೇರಿಸದ ದಿನ ಕೇಳಿದರೆ ಮಾತ್ರ ಬೇಡ ಎಂದು ಒತ್ತಿ ನನಗೆ ಫೋನ್ ಮಾಡಿ ಎಂದು ಟೈಪಿಸ್ಟ್‌ಗೆ ಹೇಳಿದೆ. ಆಯ್ಕೆಯ ಗುರುತನ್ನು ಇದ್ದಂತೆಯೇ ಬಿಟ್ಟೆ. ನಾರ್ಮಲ್ ಕಡತವನ್ನು ಬೇರೆ ಡ್ರೈವಿಗೆ ನಕಲಿಸುವ ಒಂದು ಸಾಲಿನ ಬ್ಯಾಚ್ ಕಡತವನ್ನೂ ಡೆಸ್ಕ್‌ಟಾಪಿನಲ್ಲಿ ಇಟ್ಟೆ.

ಹೊರಡುವ ಮುಂಚೆ ಅಂಗಡಿಯ ಎರಡನೆಯ ಯಂತ್ರವನ್ನೂ ನೋಡಿದೆ. ಅದರಲ್ಲಿ ಅಂಥ ತೊಂದರೆ ಏನೂ ಇಲ್ಲ ಎಂದಿದ್ದರು. ಅದೇ ವರ್ಡ್, ಸ್ಟಾರ್ಟಪ್‌ನಲ್ಲಿ ಅದೇ ಸಲಕರಣೆ. ಆಯ್ಕೆಯ ಗುರುತು ಮಾತ್ರ ಇರಲಿಲ್ಲ, ಹಾಗಾಗಿ ಪ್ರಶ್ನೆಯೇ ಬಂದಿರಲಿಲ್ಲ. ಆಡ್-ಇನ್ಸ್ ಟ್ಯಾಬ್ ತೆರೆದರೆ ಅದೇ ಗುಂಡಿ, ಮೊದಲ ಯಂತ್ರದಲ್ಲಿದ್ದದ್ದಕ್ಕಿಂತ ಎಷ್ಟೋ ಉದ್ದದ ಸಾಲು. ಇಲ್ಲಿ ಬೇಡ ಎನ್ನುವವರೇ ಇರಲಿಲ್ಲವಲ್ಲ. ದುರಸ್ತಿಯಾದ ಟೆಂಪ್ಲೇಟನ್ನು ಅಲ್ಲಿಗೂ ಹಾಕಿ, ಸಾಲನ್ನು ಖಾಲಿ ಮಾಡಿ, ಗುರುತು ಹಾಕಿ ಬಂದೆ.